ಜೋಮು ಹಿಡಿದ ಅಂಗೈ

ಕೂದಲು ಉದುರುತ್ತದೆ ಎಂಬುದನ್ನು ನನಗೆ ಹೇಳದವರೇ ಇರಲಿಲ್ಲ. ಡಾಕ್ಟರು ಹೇಳಿದರು, ನರ್ಸ್ ಹೇಳಿದಳು, ಮೆಡಿಕಲ್ ಶಾಪಿನವನು ಔಷಧಿಯನ್ನು ಕವರಿಗೆ ಹಾಕುತ್ತಾ ಹೇಳಿದ. ಎಲ್ಲ ಉದುರಿ ಮುಗಿದು, ಬೋಳುತಲೆಗೆ ಸ್ಕಾರ್ಫ್ ಸುತ್ತಿಕೊಂಡು ಭದ್ರಾವತಿಯಿಂದ ಶಿವಮೊಗ್ಗದ ಬಸ್ಸಿನಲ್ಲಿ ಕೂತಿದ್ದಾಗಲೂ ಪಕ್ಕದ ಸೀಟಿನ ಹೆಂಗಸು, "ಕೂದ್ಲು ಉದುರುತ್ತೆ ಕಣ್ರೀ, ಹೆದರಬೇಡಿ" ಎಂದು ಧೈರ್ಯ ಹೇಳಿ ಇಳಿದುಹೋದರು. ವಾಂತಿಯ ಬಗ್ಗೆ ಹೇಳಿದ್ದರು, ಬಾಯಿಹುಣ್ಣಿನ ಬಗ್ಗೆ ಹೇಳಿದ್ದರು, ನಾಲಿಗೆಗೆ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ ಎಂದೂ ಹೇಳಿದ್ದರು. ಕೈಕಾಲಿನ ನರಗಳು ಕೆಟ್ಟುಹೋಗಬಹುದು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಇದನ್ನು ಬರೆಯುತ್ತಿರುವುದು ಅದೆಲ್ಲ ಆಗಿ ಕೆಲವು ವರ್ಷಗಳ ಮೇಲೆ. ಇಷ್ಟು ಹೊತ್ತಿಗೆ ಸಿಟ್ಟು ಇಳಿದಿರಬೇಕಾಗಿತ್ತು. ಇಳಿದಿಲ್ಲ.

ನನಗೆ ಆಗ ನಲವತ್ತು ದಾಟಿತ್ತು. ಭದ್ರಾವತಿಯ ಜನ್ನಾಪುರದಲ್ಲಿ ಮನೆ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ, ಕಬ್ಬಿಣದ ಕಾರ್ಖಾನೆಗೆ ಹೋಗುವ ಗಂಡ, ಜೊತೆಯಲ್ಲಿ ಅತ್ತೆ. ಮಗಳು ದೂರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ಎಡ ಮೊಲೆಯಲ್ಲಿ ಗಂಟು ಸಿಕ್ಕಿ, ದೂರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದೆ. ಕೀಮೋ ಮಾತ್ರ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ. ಕ್ಯಾನ್ಸರಿನ ಡಾಕ್ಟರು ಅಲ್ಲಿಗೆ ಮೂರು ವಾರಕ್ಕೊಮ್ಮೆ ಹೊರಗಿನಿಂದ ಕಾರಿನಲ್ಲಿ ಬರುತ್ತಿದ್ದರು. ಬೆಳಗಿನಿಂದ ಸಂಜೆಯೊಳಗೆ ಇಡೀ ಜಿಲ್ಲೆಯ ಕ್ಯಾನ್ಸರನ್ನು ನೋಡಿ ಮುಗಿಸಿ ಕಾರು ಹತ್ತುತ್ತಿದ್ದರು.

ನಾನು ಹುಟ್ಟಾ ಚಿಂತೆಯವಳು. ಗ್ಯಾಸ್ ಆರಿಸಿದೆನಾ ಎಂದು ಬಸ್ ಸ್ಟಾಪಿನಿಂದ ವಾಪಸ್ ಬಂದು ನೋಡಿ, ನೋಡಿದ್ದನ್ನು ಸರಿಯಾಗಿ ನೋಡಿದೆನಾ ಎಂದು ಇನ್ನೊಮ್ಮೆ ವಾಪಸ್ ಬರುವ ಪೈಕಿ. ಕಾಯಿಲೆ ಬಂದ ಮೇಲಂತೂ ಚಿಂತೆಯೇ ಪೂರ್ಣಾವಧಿ ನೌಕರಿಯಾಯಿತು. ಸಲೈನ್ ಬಾಟಲಿ ಕಳಚಿ ತಲೆಯ ಮೇಲೆ ಬೀಳಬಹುದೆಂದು ಚಿಂತೆ ಮಾಡಿದ್ದೆ. ಬಸ್ಸು ಸೇತುವೆಯಿಂದ ಹೊಳೆಗೆ ಉರುಳಬಹುದೆಂದು ಚಿಂತೆ ಮಾಡಿದ್ದೆ. ಹೊಸ ಕೂದಲು ಬರುವಾಗ ನಮ್ಮವರ ಹುಬ್ಬಿನ ಹಾಗೆ ಪೊದೆಪೊದೆಯಾಗಿ ಬಂದರೆ ಏನು ಗತಿ ಎಂದು ಒಂದಿಡೀ ಭಾನುವಾರ ಕಳೆದಿದ್ದೆ. ಇಷ್ಟು ಶ್ರಮ ಪಟ್ಟವಳಿಗೆ, ನಿಜವಾಗಿ ಬಂದ ತೊಂದರೆ ಮಾತ್ರ ಊಹೆಗೇ ಬಂದಿರಲಿಲ್ಲವೆಂದರೆ ಅದು ಎಂಥ ಅವಮಾನ.

ಮೊದಲು ಕೊಟ್ಟದ್ದು ಕೆಂಪು ಔಷಧಿ. ಅದು ಮುಗಿದ ಮೇಲೆ ನೀರಿನ ಬಣ್ಣದ ಇನ್ನೊಂದು ಶುರುವಾಯಿತು. ಹೊಸದು, ಬಹಳ ಒಳ್ಳೆಯದು ಎಂದರು. ವಾಂತಿಯೂ ಅಷ್ಟಾಗಿ ಬರಲಿಲ್ಲ. ಅತ್ತೆಯಂತೂ ಆ ಔಷಧಿ ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. ಎರಡನೇ ಡೋಸು ಮುಗಿದ ವಾರ, ರಕ್ತ ಪರೀಕ್ಷೆಗೆಂದು ಬೆಳಿಗ್ಗೆ ಮನೆಯಿಂದ ಹೊರಟೆ. ಬಸ್ ಸ್ಟಾಪಿನ ಹತ್ತಿರ ಬಂದಿದ್ದೇನೆ, ಹಿಂದಿನಿಂದ ಪಕ್ಕದ ಮನೆಯಾಕೆ ಓಡಿ ಬಂದರು. ಅವರದು ತಮಿಳು ಮನೆಮಾತು, ನಮ್ಮವರ ಜೊತೆ ಕೆಲಸ ಮಾಡುವವರ ಹೆಂಡತಿ.

"ಅಕ್ಕಾ, ಒಂದು ಚಪ್ಪಲಿ ಬಿಟ್ಟು ಎಲ್ಲಿಗೆ ಓಡ್ತೀರಿ? ಇಲ್ಲಿ ನೋಡಿ, ನಮ್ಮ ಗೇಟಿನ ಮುಂದೆ ಬಿದ್ದಿತ್ತು."

ಅವರ ಕೈಯಲ್ಲಿ ನನ್ನ ಎಡಗಾಲಿನ ಚಪ್ಪಲಿ ಇತ್ತು. ನಾನು ಕಾಲು ನೋಡಿಕೊಂಡೆ. ಬರಿಗಾಲು. ಅಷ್ಟು ದೂರ ಜಲ್ಲಿಯ ಮೇಲೆ ನಡೆದು ಬಂದಿದ್ದೇನೆ, ಚಪ್ಪಲಿ ಕಳಚಿದ್ದು ಕಾಲಿಗೆ ಗೊತ್ತೇ ಇಲ್ಲ.

"ಏನೋ ಯೋಚನೇಲಿದ್ದೆ" ಎಂದೆ. ನನ್ನ ಬಗ್ಗೆ ಯಾರಾದರೂ ನಂಬುವ ಮಾತು ಅದು. ಆಕೆಯೂ ನಂಬಿದರು.

ಆ ಮೇಲೆ ಬೆರಳುಗಳು. ರವಿಕೆಯ ಹುಕ್ಕು ಕೈಗೆ ಸಿಗದು. ಬಟಾಣಿ ಸುಲಿಯಹೋದರೆ ಕಾಳು ಎಲ್ಲಿ ಸಿಪ್ಪೆ ಎಲ್ಲಿ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕು. ಬೆರಳ ತುದಿಗೆ ದಪ್ಪ ಬಟ್ಟೆ ಸುತ್ತಿ ಕಟ್ಟಿದ ಹಾಗೆ. ಸ್ಪರ್ಶ ಇಲ್ಲವಲ್ಲ, ಸುಮ್ಮನಾದರೂ ಇರುತ್ತದೆ ಎಂದುಕೊಂಡರೆ ಅದೂ ಇಲ್ಲ. ಒಳಗೆ ಚುರುಚುರು ಉರಿ. ಸೂಜಿ ಚುಚ್ಚಿದರೆ ತಿಳಿಯದ ಬೆರಳಿಗೆ ಚುಚ್ಚದ ಸೂಜಿಯ ನೋವು ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಮುಂದಿನ ಸಲ ಡಾಕ್ಟರ ಎದುರು ಕೂತಾಗ ಹೇಳಿದೆ.

"ಡಾಕ್ಟ್ರೇ, ಕಾಲು ಜೋಮು ಹಿಡಿಯುತ್ತೆ. ಬೆರಳ ತುದೀಲಿ ಏನೂ ಗೊತ್ತಾಗಲ್ಲ."

ಅವರು ನನ್ನ ರಕ್ತದ ರಿಪೋರ್ಟ್ ನೋಡುತ್ತಿದ್ದರು. ತಲೆಯೆತ್ತಿ ನಮ್ಮವರ ಕಡೆ ತಿರುಗಿ, "ಕೌಂಟ್ ಚೆನ್ನಾಗಿದೆ ಸಾರ್, ಇವತ್ತು ಕೊಡಬಹುದು" ಎಂದರು.

"ಡಾಕ್ಟ್ರೇ, ಕಾಲು."

"ಆಗುತ್ತಮ್ಮ. ಎಲ್ರಿಗೂ ಸ್ವಲ್ಪ ಆಗುತ್ತೆ. ವಿಟಮಿನ್ ಬರ್ಕೊಡ್ತೀನಿ. ಜೀವ ಮುಖ್ಯನೋ ಜೋಮು ಮುಖ್ಯನೋ ಹೇಳಿ?"

ಇಪ್ಪತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವಳು ನಾನು. ಇಂಥ ಪ್ರಶ್ನೆಯನ್ನು ಎಂಟನೇ ಕ್ಲಾಸಿನ ಮಕ್ಕಳಿಗೂ ಕೊಡುವುದಿಲ್ಲ. ಉತ್ತರವನ್ನು ಪ್ರಶ್ನೆಯೊಳಗೇ ತುರುಕಿ, ಎದುರಿನವರ ಬಾಯಿ ಮುಚ್ಚಿಸುವುದಕ್ಕೆ ಮಾತ್ರ ಕೇಳುವ ಪ್ರಶ್ನೆ ಅದು. ಜೀವ ಬೇಡ, ಜೋಮು ವಾಸಿಯಾಗಲಿ ಎಂದು ನಾನು ಕೇಳಿರಲಿಲ್ಲವಲ್ಲ. ಇನ್ನೂ ಒಂದು ಮಾತು ನನಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ನನಗೆ ಯಾವಾಗಲೂ ಸರಿಯಾದ ಮಾತು ಹೊಳೆಯುವುದು ಬಸ್ಸಿನಲ್ಲೇ. ಎಲ್ಲರಿಗೂ ಆಗುತ್ತೆ ಅಂತಾದರೆ ಎಲ್ಲರಿಗೂ ಮೊದಲೇ ಹೇಳುವುದಕ್ಕೆ ಏನಾಗಿತ್ತು? ಕೂದಲಿನ ವಿಷಯ ಹೇಳಿದ ಬಾಯಿಗೆ ಇನ್ನೊಂದು ವಾಕ್ಯ ಭಾರವಾಗಿತ್ತೇ?

ಈಗ ಲಿಂಗದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರ ಕೊರಳಲ್ಲೂ ಇಷ್ಟಲಿಂಗವಿರುತ್ತದೆ, ಬೆಳ್ಳಿಯ ಕರಡಿಗೆಯೊಳಗೆ. ಬೆಳಿಗ್ಗೆ ಸ್ನಾನ ಮಾಡಿ, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು, ನೀರೆರೆದು ವಿಭೂತಿ ಹಚ್ಚಿ ಪತ್ರೆ ಏರಿಸಿ ಪೂಜೆ ಮಾಡಿದ ಮೇಲೇ ತಿಂಡಿ. ಮಗುವಾಗಿದ್ದಾಗಿನಿಂದ ಮಾಡಿಕೊಂಡು ಬಂದದ್ದು. ನಾನು ದೊಡ್ಡ ಭಕ್ತೆ ಎಂದು ಯಾರೂ ತಪ್ಪು ತಿಳಿಯಬಾರದು. ಅಂಗೈ ತನ್ನ ಪಾಡಿಗೆ ಲಿಂಗ ಹಿಡಿದುಕೊಂಡಿರುತ್ತಿತ್ತು, ನಾನು ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಕೊರಳಲ್ಲಿ ಏನೂ ಇರಬಾರದು ಎಂದರು. ಅತ್ತೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಬಲತೋಳಿಗೆ ಕಟ್ಟಿ ಕಳಿಸಿದ್ದರು. ವಾಪಸ್ ಬಂದ ಮೇಲೆ ಕರಡಿಗೆ ಮತ್ತೆ ಕೊರಳಿಗೆ ಬಂತು. ಒಂದು ಕಡೆ ಚಪ್ಪಟೆಯಾದ ಎದೆಯ ಮೇಲೆ ಅದು ಎಡಕ್ಕೇ ಜಾರಿ ಕೂರುತ್ತಿತ್ತು. ಅದಕ್ಕೂ ಒಗ್ಗಿಕೊಂಡಿದ್ದೆ.

ಮೂರನೇ ಡೋಸು ಕಳೆದ ಮೇಲೆ ಒಂದು ಬೆಳಿಗ್ಗೆ, ನೀರೆರೆದ ಲಿಂಗ ಅಂಗೈಯಲ್ಲಿದೆ ಎಂದುಕೊಂಡು ಬಲಗೈಯಿಂದ ಪತ್ರೆ ತೆಗೆದುಕೊಳ್ಳಲು ಬಗ್ಗಿದೆ. ತಿರುಗಿ ನೋಡಿದರೆ ಅಂಗೈ ಖಾಲಿ. ಲಿಂಗ ನನ್ನ ಮಡಿಲಲ್ಲಿ, ಸೆರಗಿನ ಮಡಿಕೆಯೊಳಗೆ ಇತ್ತು. ಅದು ಯಾವಾಗ ಜಾರಿತೋ ಕೈಗೆ ಗೊತ್ತಿಲ್ಲ.

ಎದುರಿಗೆ ಅತ್ತೆ ಪೂಜೆಗೆ ಕೂತಿದ್ದರು. ಅವರ ಕಾಲದವರಿಗೆ ಲಿಂಗ ಕೈಜಾರುವುದೆಂದರೆ ಬಾಯಿಬಿಟ್ಟು ಹೇಳಬಾರದ ಮಾತು. ಅವರು ಬಗ್ಗಿ ನನ್ನ ಮಡಿಲನ್ನು ನೋಡಿದರು. ಆಮೇಲೆ, "ಮಡಿಲಿಗೆ ಬಂದಿದ್ದು ಬಿದ್ದ ಲೆಕ್ಕ ಅಲ್ಲ" ಎಂದು ತೀರ್ಪು ಕೊಟ್ಟರು. ತಿಂಡಿ ತಿನ್ನುವಾಗ ಮೆಲ್ಲಗೆ ಮುಂದುವರಿಸಿದರು.

"ನಾಳೆಯಿಂದ ಕರಡಿಗೇಲೇ ಇರ್ಲಿ ಕಣವ್ವ. ಮೇಲಿಂದ್ಲೇ ವಿಭೂತಿ ಹಚ್ಚಿ ಕೈ ಮುಗಿ. ಶಿವನಿಗೇನು ನಿನ್ ಕಷ್ಟ ಗೊತ್ತಾಗಲ್ವಾ?"

"ಶಿವನಿಗೆ ಗೊತ್ತಾಗುತ್ತೆ ಅತ್ತೆ. ಡಾಕ್ಟ್ರಿಗೆ ಗೊತ್ತಾಗ್ತಿಲ್ಲ."

ಅವರು ಹೇಳಿದ್ದು ಪ್ರೀತಿಯಿಂದ. ನ್ಯಾಯವಾಗಿ ನನಗೆ ನಿರಾಳವಾಗಬೇಕಿತ್ತು. ಬೆಳಗಿನ ಒಂದು ಕೆಲಸ ಕಡಿಮೆಯಾಯಿತು. ಆದರೆ ನನಗೆ ಬಂದದ್ದು ಸಿಟ್ಟು. ಮೊಲೆ ತೆಗೆಯುವ ಮೊದಲು ಕೂರಿಸಿ ವಿವರಿಸಿ ನನ್ನ ಒಪ್ಪಿಗೆ ಕೇಳಿದ್ದರು. ಅಂಗೈ ತೆಗೆದುಕೊಳ್ಳುವಾಗ ಕೇಳಲೂ ಇಲ್ಲ. ಕೂದಲು ಹೋಗಲಿ, ಹುಬ್ಬು ಹೋಗಲಿ, ಉಗುರು ಕಪ್ಪಾಗಲಿ, ಎಲ್ಲ ಸರಿ. ನನ್ನ ಲಿಂಗವನ್ನು ನನ್ನ ಅಂಗೈಯಲ್ಲಿ ನಾನೇ ಹಿಡಿಯುವಷ್ಟು ಕೈ ಉಳಿಯಬೇಕು. ಅಷ್ಟು ಮಾತ್ರ ನನಗೆ ಬೇಕಾಗಿತ್ತು. ಪ್ರತಿ ಡೋಸಿಗೂ ಕೈ ಇನ್ನಷ್ಟು ಹಿಂದಕ್ಕೆ ಹೋಗುತ್ತಿತ್ತು, ಮುಂದಿನ ಡೋಸು ಹತ್ತಿರ ಬರುತ್ತಿತ್ತು.

ಅತ್ತೆ ಕೈಕಟ್ಟಿ ಕೂರುವವರಲ್ಲ. ಜೋಮಿಗೆ ಶಾಖಕ್ಕಿಂತ ಒಳ್ಳೆಯದು ಇಲ್ಲ ಎಂದರು. ನಮ್ಮ ಕಡೆ ಮಂಡಿನೋವಿಗೆ, ಬೆನ್ನುನೋವಿಗೆ, ಬಾಣಂತಿಗೆ, ಎಲ್ಲಕ್ಕೂ ಶಾಖವೇ. ಕಲ್ಲುಪ್ಪನ್ನು ಹೆಂಚಿನ ಮೇಲೆ ಹುರಿದು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ ನೋವಿದ್ದ ಕಡೆ ಒತ್ತುತ್ತಾರೆ. ಅದು ಎಷ್ಟು ಬಿಸಿ ಇರಬೇಕು ಎನ್ನುವುದಕ್ಕೆ ಒಂದೇ ಅಳತೆ: ತೆಗೆದುಕೊಳ್ಳುವವರು ಸಾಕು ಅನ್ನುವವರೆಗೆ. ಕೊಡುವವರು ಯೋಚಿಸಬೇಕಾಗಿಲ್ಲ. ನಾನು ಬಾಣಂತಿಯಾಗಿದ್ದಾಗ ಇದೇ ಅತ್ತೆ ಕೊಟ್ಟ ಶಾಖಕ್ಕೆ, "ಸಾಕು ಬಿಡಿ ಅತ್ತೆ, ಬೆಂದುಹೋಗ್ತೀನಿ" ಎಂದು ಕೂಗಾಡಿದವಳು ನಾನು.

ಆ ಮಧ್ಯಾಹ್ನ ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಂಟು ತಂದರು.

"ಬಿಸಿ ತಾಕ್ತಾ?"

"ಇಲ್ಲ."

"ಈಗ?"

"ಏನೋ ಒತ್ತಿದ ಹಾಗಾಗ್ತಿದೆ ಅತ್ತೆ. ಬಿಸಿ ಅಂತ ಇಲ್ಲ."

"ಹಂಗಾರೆ ಉಪ್ಪು ಸರಿಯಾಗಿ ಕಾದಿಲ್ಲ. ತಡಿ, ಇನ್ನೊಂದು ಸಲ ಕಾಯಿಸ್ಕೊಂಡು ಬರ್ತೀನಿ."

ಇನ್ನೊಂದು ಸಲ ಕಾಯಿಸಿ ತಂದರು. ಮತ್ತೂ ಕಾಯಿಸಿ ತಂದರು. ಅವರು ಒತ್ತುತ್ತಾ ಊರ ಸುದ್ದಿ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಅಷ್ಟರಲ್ಲಿ ಮೊದಲ ಶಿಫ್ಟು ಮುಗಿಸಿ ನಮ್ಮವರು ಬಂದರು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು.

"ಏನು ಮಾಡ್ತಿದೀರಿ ಇಬ್ರೂ? ಕಾಲು ಬೇಯಿಸ್ತಿದೀರಾ?"

ಬಂದವರೇ ಅತ್ತೆಯ ಕೈಯಿಂದ ಗಂಟು ಕಸಿದುಕೊಂಡರು. ಕಸಿದುಕೊಂಡಷ್ಟೇ ಬೇಗ ನೆಲಕ್ಕೆ ಬಿಟ್ಟರು. ಅತ್ತೆ ಅದನ್ನು ಮಡಚಿದ ಸೀರೆತುಂಡಿನಿಂದ ಹಿಡಿದಿದ್ದರು. ಅವರ ಕೈಗೆ ಬಿಸಿ ತಾಕುವ ಮಾತೇ ಇರಲಿಲ್ಲ. ನನ್ನ ಅಂಗಾಲು ಕೆಂಪಗೆ ಊದಿ, ಹಿಮ್ಮಡಿಯ ಹತ್ತಿರ ಚರ್ಮ ಬೆಳ್ಳಗಾಗಿ ಏಳುತ್ತಿತ್ತು. ನೋವಿಲ್ಲ. ಏನೆಂದರೆ ಏನೂ ಇಲ್ಲ. ಬೇರೆ ಯಾರದೋ ಕಾಲು ಸುಟ್ಟಿದ್ದನ್ನು ನೋಡಿದ ಹಾಗೆ ನೋಡುತ್ತಿದ್ದೆ.

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. "ಅವಳು ಸಾಕು ಅನ್ಲೇ ಇಲ್ಲ ಕಣೋ" ಎಂದರು ಮಗನಿಗೆ. "ನಾನು ಕೇಳ್ತಾನೇ ಇದ್ದೆ. ಸಾಕು ಅನ್ಲೇ ಇಲ್ಲ."

ಆಮೇಲೆ ಎಷ್ಟೋ ದಿನ ಅವರು ಅದನ್ನೇ ಹೇಳುತ್ತಿದ್ದರು, ಹೂ ಕಟ್ಟುವಾಗ, ಅಕ್ಕಿ ಆರಿಸುವಾಗ, ಯಾರಿಗೂ ಅಲ್ಲದ ಹಾಗೆ. ಕೀಮೋ ನಡೆಯುವಾಗ ಗಾಯವಾದರೆ ಎಷ್ಟು ಅಪಾಯ ಎಂದು ಬ್ಯಾಂಡೇಜ್ ಹಾಕಿದ ಊರಿನ ಡಾಕ್ಟರು ಹೇಳಿ ಅವರ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿದರು. ನನಗೆ ಅತ್ತೆಯ ಮೇಲೆ ಒಂದು ಚೂರೂ ಕೋಪ ಬರಲಿಲ್ಲ. ಅವರು ತಮಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದರು. ಗೊತ್ತಿದ್ದವರು ಬಾಯಿ ಬಿಡಲಿಲ್ಲ. "ಇನ್ನು ಮೇಲೆ ನಿಮ್ಮ ಕಾಲಿಗೆ ಬಿಸಿ ತಿಳಿಯುವುದಿಲ್ಲ, ಬಿಸಿನೀರು, ಶಾಖ ಹುಷಾರು." ಇಷ್ಟೇ ಮಾತು. ಇದನ್ನು ಹೇಳಲು ಹಿಡಿಯುವ ಹೊತ್ತಿನಲ್ಲಿ ಒಬ್ಬ ಮನುಷ್ಯ ಕಾರಿನ ಬಾಗಿಲನ್ನೂ ತೆಗೆಯಲಾರ. ಆ ಮಾತನ್ನು ಹೇಳದೆ ಬಿಟ್ಟದ್ದಕ್ಕೆ ನಮ್ಮ ಮನೆಯ ಹಿರಿಯ ಜೀವವೊಂದು ತಾನೇ ಸೊಸೆಯ ಕಾಲು ಸುಟ್ಟೆ ಎಂದು ಕೊರಗಬೇಕಾಯಿತು.

ಶಿವಮೊಗ್ಗಕ್ಕೆ ಆ ಸಲ ಕುಂಟುತ್ತಾ ಹೋದೆ. ಡಾಕ್ಟರು ಬ್ಯಾಂಡೇಜ್ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ ಇದು? ಶಾಖ ಗೀಖ ಅಂತ. ಓದಿದೋರು, ಟೀಚರು ಬೇರೆ."

"ಬಿಸಿ ಗೊತ್ತಾಗಲ್ಲ ಡಾಕ್ಟ್ರೇ. ಕಾಲಲ್ಲಿ ಏನೂ ಗೊತ್ತಾಗಲ್ಲ. ಕೈಯಲ್ಲೂ ಅಷ್ಟೇ. ಹೋದ ಸಲಾನೇ ಹೇಳಿದ್ದೆ."

"ವಿಟಮಿನ್ ತಗೊಂಡ್ರಾ?"

ಆಗ ಪಕ್ಕದಲ್ಲಿ ಟೋಪಿ ಮಡಚಿ ಹಿಡಿದುಕೊಂಡು ಕೂತಿದ್ದ ನಮ್ಮವರು ಬಾಯಿ ತೆಗೆದರು. ಅವರು ಆಸ್ಪತ್ರೆಯಲ್ಲಿ ಮಾತಾಡುವವರೇ ಅಲ್ಲ. ಬಿಳಿ ಕೋಟು ಕಂಡರೆ ಎದ್ದು ನಿಲ್ಲುವವರು. "ಇವಳಿಗೆ ಕಾಲಲ್ಲಿ ಏನೂ ಗೊತ್ತಾಗಲ್ಲ ಸಾರ್" ಎಂದರು. "ಕೈಯಲ್ಲೂ ಅಷ್ಟೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ ಸಾರ್?"

ನನ್ನದೇ ಮಾತು. ಒಂದಕ್ಷರ ಆಚೀಚೆಯಿಲ್ಲ. ನನ್ನ ಬಾಯಿಯಿಂದ ಬಂದಾಗ ವಿಟಮಿನ್ನಿಗೆ ತಕ್ಕಷ್ಟಿದ್ದ ಮಾತು ಗಂಡಸಿನ ಗಂಟಲಿನಿಂದ ಬಂದ ಕೂಡಲೇ ಕಾಯಿಲೆಯಾಯಿತು. ಆ ಕ್ಷಣದಲ್ಲಿ ನನಗೆ ಗಂಡನ ಮೇಲೆ ಬಂದ ಸಿಟ್ಟು ಅನ್ಯಾಯದ್ದು ಎಂದು ಗೊತ್ತು. ಆದರೂ ಬಂತು.

ಮಂಚದ ಮೇಲೆ ಮಲಗಿಸಿದರು. ಕಣ್ಣು ಮುಚ್ಚಿ ಎಂದರು. ಮುಚ್ಚಿದೆ. ಸುಮಾರು ಹೊತ್ತಾಯಿತು.

"ಶುರು ಮಾಡಲ್ವಾ ಡಾಕ್ಟ್ರೇ?" ಎಂದೆ.

"ಆಗ್ಲೇ ಚುಚ್ಚಿ ನೋಡಿದೆ" ಎಂದರು.

ಕಣ್ಣು ಬಿಟ್ಟೆ. ಕೈಯಲ್ಲಿ ಪಿನ್ನು ಹಿಡಿದು ನನ್ನ ಬಲಗಾಲಿನ ಬುಡದಲ್ಲಿ ನಿಂತಿದ್ದರು. ಪಾದದಿಂದ ಮೇಲಕ್ಕೆ ಎಲ್ಲಿಯವರೆಗೆ ತಿಳಿಯುವುದಿಲ್ಲ ಎಂದು ಚುಚ್ಚುತ್ತಾ ಬಂದರೆ ಕಾಲು ಅರ್ಧಕ್ಕೆ ಬಂದ ಮೇಲೆ ಚುರುಕ್ ಎಂದಿತು. ಕೈಯಲ್ಲಿ ಮಣಿಕಟ್ಟಿನ ಹತ್ತಿರ. ಗ್ಲೌಸು, ಕಾಲುಚೀಲ ಹಾಕಿಕೊಂಡ ಹಾಗೆ ಅಷ್ಟು ಭಾಗ ನನ್ನದಾಗಿ ಉಳಿದಿರಲಿಲ್ಲ. ಇಷ್ಟು ಡೋಸು ಕೊಟ್ಟ ಮೇಲೆ ಅವರು ನನ್ನ ಕಾಲನ್ನು ಮುಟ್ಟಿದ್ದು ಅದೇ ಮೊದಲು.

ಆ ದಿನ ಡೋಸು ಕೊಡಲಿಲ್ಲ. ಗಾಯ ಮಾಗಲಿ, ಆಮೇಲೆ ಔಷಧಿಯನ್ನು ಕಡಿಮೆ ಮಾಡಿ, ನಾನಿಲ್ಲದ ವಾರವೂ ಇಲ್ಲಿನ ಡಾಕ್ಟರ ಕೈಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿಸೋಣ, ಮತ್ತೆ ಹೆಚ್ಚಾದರೆ ನಿಲ್ಲಿಸೋಣ ಎಂದರು. ಉರಿಗೆ ಒಂದು ಮಾತ್ರೆ ಬರೆದರು.

"ಕಡಿಮೆ ಮಾಡಿದ್ರೆ ಕ್ಯಾನ್ಸರ್ ವಾಪಸ್ ಬರಲ್ವಾ?" ಎಂದೆ. ಚಿಂತೆಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆದುಕೊಡುವುದು ನನ್ನ ಹಳೇ ಸೌಜನ್ಯ.

"ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲಮ್ಮ. ಆದ್ರೆ ಇದನ್ನ ಹೀಗೇ ಕೊಡೋಕೂ ಆಗಲ್ಲ."

"ಕೈ ವಾಪಸ್ ಬರುತ್ತಾ?"

"ಕೆಲವ್ರಿಗೆ ಪೂರ್ತಿ ಬರುತ್ತೆ. ಕೆಲವ್ರಿಗೆ ಸ್ವಲ್ಪ ಉಳಿದುಬಿಡುತ್ತೆ. ಕಾದು ನೋಡ್ಬೇಕು."

"ಇದನ್ನ ಮೊದ್ಲೇ ಹೇಳಬಹುದಿತ್ತು."

"ಮೊದ್ಲೇ ಹೇಳಿದ್ರೆ ನೀವು ಹೆದರ್ತಿದ್ರಿ."

"ನಾನು ಹೇಗಿದ್ರೂ ಹೆದರ್ತೀನಿ ಡಾಕ್ಟ್ರೇ. ಹೇಳಿದ್ರೆ ಸರಿಯಾದ್ದಕ್ಕೆ ಹೆದರ್ತಿದ್ದೆ."

ಆ ಮಾತು ಒಂದು ಮಾತ್ರ ಬಸ್ಸಿಗೆ ಕಾಯದೆ ಅಲ್ಲೇ ಹೊಳೆಯಿತು. ಅವರು ಮಾತ್ರೆಯ ಚೀಟಿಯನ್ನು ನಮ್ಮವರ ಕೈಗೆ ಕೊಟ್ಟರು. ಹೊರಗೆ ಇನ್ನೂ ಬೆಂಚಿನ ತುಂಬ ಜನರಿದ್ದರು. ಅವರಲ್ಲಿ ಎಷ್ಟು ಜನರ ಕಾಲನ್ನು ಮುಟ್ಟಿ ನೋಡಿದರೋ ನನಗೆ ಗೊತ್ತಿಲ್ಲ.

ಅಲ್ಲಿಂದ ನಮ್ಮ ಮನೆ ನನ್ನ ಕೈಕಾಲಿನ ಸುತ್ತ ಹೊಸದಾಗಿ ಜೋಡಿಸಿಕೊಂಡಿತು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಎಂದಿದ್ದರು. ನಮ್ಮದು ಚಪ್ಪಲಿಯನ್ನು ಹೊಸ್ತಿಲಿನಿಂದ ಈಚೆ ತರುವ ಮನೆಯಲ್ಲ. ಅತ್ತೆ ಎರಡು ದಿನ ಯೋಚಿಸಿದರು. ಮೂರನೇ ದಿನ ಮಗನ ಜೊತೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ತಾವೇ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಆರಿಸಿ ತಂದರು. ಅಂಗಡಿಯಿಂದ ನೇರ ಮನೆಯೊಳಗೆ, ಬೀದಿಯ ನೆಲವನ್ನೇ ಕಾಣದ ಶೂ, ಆದ್ದರಿಂದ ಅದು ಚಪ್ಪಲಿಯೇ ಅಲ್ಲ ಎನ್ನುವುದು ಅವರ ವಾದ. ನಾನು ಅದನ್ನು ಹಾಕಿಕೊಂಡು ಒಗ್ಗರಣೆ ಹಾಕುವುದನ್ನು ನೋಡಿ ಪಕ್ಕದ ಮನೆಯಾಕೆ, "ಏನಕ್ಕಾ, ಅಡುಗೆಮನೇಲೂ ಶಿಫ್ಟಾ? ಓಟಿ ಕೊಡ್ತಾರಾ?" ಎಂದು ಛೇಡಿಸಿದರು.

ಸ್ನಾನದ ನೀರನ್ನು ಅತ್ತೆ ಮೊಣಕೈ ಅದ್ದಿ ನೋಡದೆ ನನಗೆ ಬಿಡುತ್ತಿರಲಿಲ್ಲ. ಸೌಟಿನ ಹಿಡಿಗೆ ಹಳೇ ಟವೆಲ್ ಸುತ್ತಿ ದಪ್ಪ ಮಾಡಿದರು. ಸಂಜೆ ನಮ್ಮವರು ನನ್ನ ಅಂಗಾಲಿಗೆ ಕನ್ನಡಿ ಹಿಡಿದು ಗಾಯವೇನಾದರೂ ಆಗಿದೆಯಾ ಎಂದು ತೋರಿಸುತ್ತಿದ್ದರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ನನಗೆ ಕನ್ನಡಿ ಹಿಡಿದದ್ದು ಅಂಗಾಲಿಗೆ ಎಂದು ಹೇಳಿದರೆ ಅವರಿಗೆ ನಗು ಬರುವುದಿಲ್ಲ. ಮಾತ್ರೆಯಿಂದ ಉರಿ ತಗ್ಗಿತು, ಜೊತೆಗೆ ನಾನೂ ತಗ್ಗಿದೆ, ಕೂತಲ್ಲೇ ತೂಕಡಿಕೆ. ಬೆರಳಿಗೆ ಅಭ್ಯಾಸವಾಗಲಿ ಎಂದು ಅತ್ತೆ ರಾಗಿಯ ಪಾತ್ರೆಯಲ್ಲಿ ಹುಣಸೆಬೀಜ, ಗುಂಡಿ, ಅಡಿಕೆ ಹೋಳು ಬಚ್ಚಿಡುತ್ತಿದ್ದರು. ನಾನು ಕಣ್ಣು ಮುಚ್ಚಿ ಹುಡುಕಿ ಹೇಳಬೇಕು.

"ಗುಂಡಿ."

"ಹುಣಸೆಬೀಜ ಕಣೆ."

"ಅಡಿಕೆ."

"ಅದೂ ಹುಣಸೆಬೀಜನೇ. ಮಕ್ಳಿಗೆ ಪಾಠ ಹೇಳ್ತೀಯಂತೆ."

ತಿಂಗಳುಗಟ್ಟಲೆ ಫೇಲಾದೆ. ಸರಿಯಾಗಿ ಹೇಳಿದ ಮೊದಲ ದಿನ ಅತ್ತೆ, ನೀನು ಕಣ್ಣು ಬಿಟ್ಟು ನೋಡಿದೆ ಎಂದು ಜಗಳಕ್ಕೇ ಬಂದರು.

ನೋಡಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು: "ಜೀವ ಉಳೀತಲ್ಲ ಮಾರಾಯ್ತಿ, ಅದಕ್ಕಿಂತ ಇನ್ನೇನು ಬೇಕು?" ಬೇಕು. ರವಿಕೆಯ ಹುಕ್ಕು ಬೇಕು. ಕಾಲಿಗೆ ನೆಲ ಬೇಕು. ಉಳಿದ ಜೀವವನ್ನು ಎಲ್ಲಿಟ್ಟುಕೊಳ್ಳಲಿ, ಕೈಕಾಲು ಬಿಟ್ಟು ಮಿಕ್ಕ ಕಡೆಯಾ? ಬದುಕಿದ್ದೇ ದೊಡ್ಡದು ಎಂದು ಕಾಯಿಲೆಯಿಂದ ಎದ್ದವರಿಗೆ ಮಾತ್ರ ಯಾಕೆ ಹೇಳುತ್ತಾರೆ? ಮನೆಯ ಸೂರು ಸೋರಿದರೆ, ಪ್ರಮೋಷನ್ ತಪ್ಪಿದರೆ, ಸಾರಿಗೆ ಉಪ್ಪು ಕಡಿಮೆಯಾದರೆ ಹೀಗೆ ಹೇಳಿಕೊಂಡು ಸುಮ್ಮನಿರುವವರನ್ನು ನಾನು ಇನ್ನೂ ಕಂಡಿಲ್ಲ.

ಲಿಂಗಪೂಜೆಯನ್ನು ಮಾತ್ರ ನಾನು ಬಿಡಲಿಲ್ಲ. ಅತ್ತೆ ಮೊದಮೊದಲು ನನ್ನ ಅಂಗೈಯ ಕೆಳಗೆ ತಮ್ಮ ಅಂಗೈ ಹಿಡಿದು ಕೂರುತ್ತಿದ್ದರು. ಆಮೇಲೆ ನನಗೇ ಒಂದು ದಾರಿ ಸಿಕ್ಕಿತು. ಮೊಣಕೈಯನ್ನು ತೊಡೆಗೆ ಊರಿ, ಲಿಂಗವನ್ನು ಒರೆಸಿ ಇಟ್ಟುಕೊಂಡು, ಅದರ ಮೇಲಿಂದ ಕಣ್ಣು ತೆಗೆಯದಿದ್ದರೆ ಅದು ನಿಲ್ಲುತ್ತಿತ್ತು. ಕೈ ಮಾಡುವ ಕೆಲಸವನ್ನು ಕಣ್ಣು ಮಾಡಬೇಕು, ಅಷ್ಟೆ. ಕಣ್ಣು ಒಂದಿಷ್ಟು ಅಡುಗೆಮನೆಯ ಕಡೆ ಹೋದರೂ ಲಿಂಗ ವಾಲುತ್ತಿತ್ತು. ನಮ್ಮವರ ಅಕ್ಕ ಇದನ್ನು ಕೇಳಿ, "ನೋಡು, ಕಾಯಿಲೆ ನಿನಗೆ ನಿಜವಾದ ಪೂಜೆ ಕಲಿಸ್ತು" ಎಂದರು. ಅವರಿಗೆ ಉತ್ತರ ಕೊಡದೆ ಕಾಫಿ ಕೊಟ್ಟೆ. ಕಾಯಿಲೆ ನನಗೆ ಏನೂ ಕಲಿಸಲಿಲ್ಲ. ಅದು ಕಸಿದುಕೊಂಡಿತು, ನಾನು ಸಿಕ್ಕಿದಷ್ಟನ್ನು ವಾಪಸ್ ಎಳೆದುಕೊಂಡೆ. ಆ ಎಳೆದಾಟದ ಕೀರ್ತಿಯನ್ನು ಕಳ್ಳನಿಗೇ ಕೊಡುವುದಕ್ಕೆ ನಾನು ತಯಾರಿಲ್ಲ.

ಕೀಮೋ ಮುಗಿದು ಮಾರನೇ ವರ್ಷ ಅದೇ ಅಕ್ಕನ ಮನೆಯ ಗೃಹಪ್ರವೇಶ ಶಿವಮೊಗ್ಗದಲ್ಲಿ. ನನ್ನ ತಲೆಯ ಮೇಲೆ ಗಿಡ್ಡ ಕೂದಲು ಬಂದಿತ್ತು. ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಅರೆಬರೆ ವಾಪಸ್ ಬಂದಿದ್ದವು. ಅಂಗೈ ಮತ್ತು ಉಳಿದ ಬೆರಳು ಇನ್ನೂ ಮರಗಟ್ಟಿದ ಹಾಗೇ. ಮಠದಿಂದ ಸ್ವಾಮಿಗಳು ಬರುವವರಿದ್ದರು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತು ಒಟ್ಟಿಗೆ ಲಿಂಗಪೂಜೆ ಮಾಡುವುದು ಎಂದಿತ್ತು. ಒಂದು ಕಡೆ ಗಂಡಸರು, ಎದುರಿಗೆ ಹೆಂಗಸರು.

ಅಕ್ಕ ನನ್ನನ್ನು ಅಡುಗೆಯವರ ಕಡೆಗೆ ಕರೆದುಕೊಂಡು ಹೋಗಿ ದನಿ ಇಳಿಸಿದರು.

"ನೀನು ಹಿಂದೆ ಕುರ್ಚಿ ಮೇಲೆ ಕೂತ್ಕೊಂಡ್ಬಿಡು. ಎಲ್ರ ಮುಂದೆ ಏನಾದ್ರೂ ಕೈ ಜಾರಿದ್ರೆ... ಹೊಸಾ ಮನೆ ಬೇರೆ. ಸುಮ್ನೆ ಯಾಕೆ ರಿಸ್ಕು?"

ಹಿಂದಿನ ದಿನದಿಂದ ನಾನೂ ಅದನ್ನೇ ಚಿಂತಿಸುತ್ತಿದ್ದೆ. ಅವರು ಹೇಳದಿದ್ದರೆ ಬಹುಶಃ ನಾನೇ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದೆ. ಹೇಳಿದ್ದರಿಂದ ಕೂರಲಾಗಲಿಲ್ಲ.

"ನಾನು ಸಾಲಲ್ಲೇ ಕೂರ್ತೀನಿ ಅಕ್ಕ" ಎಂದೆ.

"ಹಠ ಮಾಡ್ಬೇಡ. ಅವ್ವ, ನೀನಾದ್ರೂ ಹೇಳು."

ಅತ್ತೆ ಮಣೆ ಹಿಡಿದುಕೊಂಡು ಬರುತ್ತಿದ್ದರು. ಮಗಳನ್ನು ನೋಡಿದರು, ನನ್ನನ್ನು ನೋಡಿದರು.

"ಅವಳು ನನ್ ಪಕ್ಕ ಕೂರ್ತಾಳೆ" ಎಂದರು. "ನಿನ್ ಮನೆ ಹೊಸದಿರಬಹುದು. ಅವಳ ಲಿಂಗ ನಿನ್ ಮನೆಗಿಂತ ಹಳೇದು."

ಕೂತೆವು. ಸ್ವಾಮಿಗಳು ಒಂದೊಂದೇ ಹೇಳುತ್ತಾ ಹೋದರು, ಎಲ್ಲರೂ ಕರಡಿಗೆ ಬಿಚ್ಚಿದರು. ನನ್ನ ಕರಡಿಗೆಯ ಶಿವದಾರದ ಗಂಟು ಮೊದಲ ಸಲಕ್ಕೆ ಸಿಕ್ಕಲಿಲ್ಲ; ಎರಡನೇ ಸಲಕ್ಕೆ ಸಿಕ್ಕಿತು. ಮೊಣಕೈ ಊರಿ ಲಿಂಗವನ್ನು ಅಂಗೈಯ ಮೇಲಿಟ್ಟೆ. ಅದರ ತಂಪು ಗೊತ್ತಾಗಲಿಲ್ಲ, ಭಾರ ಗೊತ್ತಾಗಲಿಲ್ಲ. ಇದೆ ಎಂದು ಕಣ್ಣು ಹೇಳಿತು, ನಂಬಿದೆ. ವಿಭೂತಿ, ಪತ್ರೆ, ಮಂತ್ರ, ಎಲ್ಲ ಆಯಿತು. ಆಮೇಲೆ ಸ್ವಾಮಿಗಳು, "ಈಗ ಎಲ್ಲರೂ ಕಣ್ಣು ಮುಚ್ಚಿ, ಲಿಂಗವನ್ನು ಮನಸ್ಸಿನೊಳಗೆ ನೋಡಿ" ಎಂದರು.

ಇದನ್ನು ನಾನು ಚಿಂತೆ ಮಾಡಿರಲಿಲ್ಲ. ನೋಡಿ, ಮತ್ತೆ ಹಾಗೇ.

ನಡುಮನೆಯಲ್ಲಿ ಎಲ್ಲರ ರೆಪ್ಪೆಗಳೂ ಇಳಿದವು. ಪಕ್ಕದಲ್ಲಿ ಅತ್ತೆ ಮುಚ್ಚಿದರು, ಸಾಲಿನ ಕೊನೆಯಲ್ಲಿ ಅಕ್ಕ ಮುಚ್ಚಿದರು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ನಾನು ಮುಚ್ಚಲಿಲ್ಲ. ಮುಚ್ಚಿದರೆ ನನ್ನ ಅಂಗೈಯೂ ಇಲ್ಲ, ಅದರ ಮೇಲಿನದ್ದೂ ಇಲ್ಲ. ಅಷ್ಟು ಜನರ ನಡುವೆ ನಾನೊಬ್ಬಳೇ ಕಣ್ಣು ಬಿಟ್ಟುಕೊಂಡು ಸ್ವಾಮಿಗಳ ಮಾತು ಮೀರಿ ಕೂತಿದ್ದೆ. ಫ್ಯಾನಿನ ಗಾಳಿಗೆ ಪತ್ರೆಯ ಎಸಳು ಅಲ್ಲಾಡಿತು, ಲಿಂಗವೇ ಅಲ್ಲಾಡಿತೇನೋ ಎಂದುಕೊಂಡೆ. ಅಲ್ಲಾಡಿದ್ದು ಎಸಳು ಮಾತ್ರ.

ಆಗ ಎದುರಿನ ಸಾಲಿನಲ್ಲಿ ಇನ್ನೊಂದು ಜೊತೆ ಕಣ್ಣು ತೆರೆದಿರುವುದು ಲಿಂಗದ ಆಚೆ ಮಸುಕಾಗಿ ಕಂಡಿತು. ನಮ್ಮವರು. ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಅಂಗೈಯನ್ನೇ ನೋಡುತ್ತಿದ್ದರು, ಕುತ್ತಿಗೆ ಮುಂದಕ್ಕೆ ಚಾಚಿ, ಬೀಳುವುದಿದ್ದರೆ ಅಲ್ಲಿಂದಲೇ ಹಾರಿ ಹಿಡಿಯುವವರ ಹಾಗೆ. ಕಣ್ಣು ಮುಚ್ಚಿ ಎಂದು ನಾನು ಹುಬ್ಬು ಗಂಟಿಕ್ಕಿ ಸನ್ನೆ ಮಾಡಿದೆ. ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಜಗಳಕ್ಕೆ ಅದು ಸಮಯವಲ್ಲ. ನಾನು ದೃಷ್ಟಿಯನ್ನು ಮತ್ತೆ ಅಂಗೈಗೆ ತಂದೆ. ಲಿಂಗ ಇಟ್ಟಲ್ಲೇ ಇತ್ತು, ಸ್ವಾಮಿಗಳು ಕಣ್ಣು ತೆರೆಯಿರಿ ಎನ್ನುವವರೆಗೂ ಇತ್ತು.